ಉಳಿದವಳಿಗೊಂದು ಮೇಜು

ಹೋಟಗಿ–ಗದಗ ರೈಲು ಮಾರ್ಗದಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಎರಡು ನಿಲ್ದಾಣಗಳಿಗೆ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂದು ಹೆಸರು. ಹೆಸರಿಗೆ ‘ರೋಡ್’ ಅಂಟಿಕೊಂಡಿದೆ ಎಂದರೆ ಊರು ಅಲ್ಲಿಲ್ಲ. ಇಳಿದು ಟಂಟಂ ಹಿಡಿದು ಇನ್ನೂ ಮುಂದೆ ಹೋಗಬೇಕು. ಸಿಂದಗಿಗೆ, ಮುದ್ದೇಬಿಹಾಳಕ್ಕೆ ಅಷ್ಟು ಭಾಗ್ಯವೂ ಇಲ್ಲ, ಅಲ್ಲಿಗೆ ರೈಲೇ ಬಂದಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಈ ನಾಲ್ಕೂ ಇವೆ. ಆಮೇಲೆ ಇವುಗಳಿಂದ ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿಯಂಥ ಹೊಸ ತಾಲ್ಲೂಕುಗಳು ಒಡೆದವು. ನಾನು ಹಳೆಯ ಗಡಿಯನ್ನೇ ಹಿಡಿದು ಮಾತಾಡುತ್ತಿದ್ದೇನೆ, ಏಕೆಂದರೆ ಕಷ್ಟದ ಗಡಿ ಇನ್ನೂ ಹಾಗೆಯೇ ಇದೆ.

ಇಲ್ಲಿಂದ ಜನ ಹೊರಡುವುದು ಹೊಸದಲ್ಲ. ಗೋವಾದ ಕಟ್ಟಡಗಳಿಗೆ, ಮಹಾರಾಷ್ಟ್ರದ ಕಬ್ಬಿನ ಹೊಲಗಳಿಗೆ, ಪುಣೆ–ಮುಂಬೈಗೆ ಗುಳೆ ಹೋಗುವವರು ಒಂದು ಕಡೆ. ಇಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದವರು ಇನ್ನೊಂದು ಕಡೆ. ಈ ಎರಡನೆಯವರನ್ನು ನೆನೆದು ಈಚೆಗೆ ಒಂದು ಮಾತು ಗಟ್ಟಿಯಾಗುತ್ತಿದೆ. ಸರ್ಕಾರ ತಾಲ್ಲೂಕು ಕೇಂದ್ರಗಳಲ್ಲಿ ವರ್ಕ್ ಹಬ್ ತೆರೆಯಲಿ. ಒಳ್ಳೆಯ ಇಂಟರ್ನೆಟ್ಟು, ಕರೆಂಟು, ಮೇಜು, ಕುರ್ಚಿ ಕೊಡಲಿ. ದೂರದ ಕಚೇರಿಯ ಕೆಲಸವನ್ನು ಅಲ್ಲಿ ಕೂತೇ ಮಾಡಬಹುದು. ಬೆಂಗಳೂರಿಗೆ ಹೋದ ನಮ್ಮ ಹುಡುಗರು ಊರಿಗೆ ಮರಳುತ್ತಾರೆ, ಅವರ ಸಂಬಳ ಊರಿನಲ್ಲೇ ಖರ್ಚಾಗುತ್ತದೆ, ವಯಸ್ಸಾದ ತಂದೆ–ತಾಯಿಗೆ ಆಸರೆಯಾಗುತ್ತದೆ. ಸತ್ಕಾರ ಸಮಾರಂಭಗಳ ಭಾಷಣದಲ್ಲಿ, ಚುನಾವಣೆಯ ಭರವಸೆಗಳಲ್ಲಿ, ಓದಿದವರ ಹರಟೆಯಲ್ಲಿ ಇದನ್ನು ಕೇಳುತ್ತಿದ್ದೇನೆ. ಒಪ್ಪದವರು ಯಾರೂ ಕಾಣುವುದಿಲ್ಲ.

ಹಬ್ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಯಾರಿಗಾಗಿ ಬೇಕು ಎಂಬಲ್ಲಿ ನನ್ನ ತಕರಾರು. ಹೋದವರನ್ನು ಕರೆತರಲು ಕಟ್ಟಿದ ಹಬ್ ಖಾಲಿ ಬೀಳುತ್ತದೆ. ಅದು ಖಾಲಿ ಬಿದ್ದ ದಿನ ‘ನೋಡಿದಿರಾ, ಇಂಥ ಊರುಗಳಲ್ಲಿ ಇದೆಲ್ಲ ನಡೆಯುವುದಿಲ್ಲ’ ಎಂಬ ಷರಾ ಬಿದ್ದು ಇಡೀ ವಿಚಾರವೇ ಕಡತ ಸೇರುತ್ತದೆ. ನನಗಿರುವ ಭಯ ಅದು.

ಹೋದವರು ಬರುತ್ತಾರೆ, ನಿಜ. ಎಳ್ಳ ಅಮಾವಾಸ್ಯೆಗೆ ಬಂದು ಹೊಲಕ್ಕೆ ಚರಗ ಚೆಲ್ಲಿ, ಬುತ್ತಿ ಉಂಡು, ಮರುದಿನ ರಾತ್ರಿಯ ಬಸ್ಸಿಗೆ ಹೊರಡುತ್ತಾರೆ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಊರಲ್ಲೇ ಇದ್ದರು. ಮಾಳಿಗೆ ಏರಿ ನೆಟ್‌ವರ್ಕ್ ಹುಡುಕುತ್ತಾ, ಹಾಟ್‌ಸ್ಪಾಟ್ ಹಿಡಿದು ಕೆಲಸ ಮಾಡಿದರು. ಹಬ್ಬಿನ ಆಸೆ ಹುಟ್ಟಿದ್ದೇ ಆಗ. ಆದರೆ ಅವರನ್ನು ಊರಲ್ಲಿ ಇರಗೊಟ್ಟದ್ದು ಕಂಪನಿಗಳ ಅನಿವಾರ್ಯತೆ, ಊರಿನ ಸೌಕರ್ಯವಲ್ಲ. ಅನಿವಾರ್ಯತೆ ಮುಗಿಯಿತು. 2023ರ ಅಕ್ಟೋಬರಿನಿಂದ ಟಿಸಿಎಸ್ ತನ್ನ ನೌಕರರನ್ನು ವಾರದ ಐದೂ ದಿನ ಕಚೇರಿಗೆ ಕರೆಯಿತು. ಇನ್ಫೋಸಿಸ್ ತಿಂಗಳಿಗೆ ಕನಿಷ್ಠ 10 ದಿನದ ಹಾಜರಿ ಕೇಳುತ್ತಿದೆ. ತಿಂಗಳಿಗೆ 10 ದಿನ ಬೆಂಗಳೂರಿನಲ್ಲಿ ಇರಬೇಕಾದವನು ಅಲ್ಲಿಯ ಬಾಡಿಗೆ ಮನೆ ಬಿಡಲಾರ. ಅದನ್ನು ಬಿಡದವನು ಮುದ್ದೇಬಿಹಾಳದಲ್ಲಿ ಸಂಸಾರ ಹೂಡಲಾರ.

ಹುಬ್ಬಳ್ಳಿಯ ಪಾಠವಂತೂ ಇನ್ನೂ ಸ್ಪಷ್ಟ. ಅಲ್ಲಿ ಇನ್ಫೋಸಿಸ್‌ನ ದೊಡ್ಡ ಕ್ಯಾಂಪಸ್ ಎದ್ದು ನಿಂತು ವರ್ಷಗಳಾದವು. ವಿಮಾನ ನಿಲ್ದಾಣವಿದೆ, ಹೈಕೋರ್ಟ್ ಪೀಠ ಪಕ್ಕದ ಧಾರವಾಡದಲ್ಲಿದೆ, ಒಳ್ಳೆಯ ಶಾಲೆ–ಆಸ್ಪತ್ರೆಗಳಿವೆ. ಆದರೂ ಬೇರೆ ಊರುಗಳ ನೌಕರರು ಅಲ್ಲಿಗೆ ಬರಲಿ ಎಂದು 2024ರಲ್ಲಿ ಆ ಕಂಪನಿ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಘೋಷಿಸಬೇಕಾಯಿತು. ಹುಬ್ಬಳ್ಳಿಗೆ ಬರಲಿಕ್ಕೇ ಇಷ್ಟು ಆಮಿಷ ಬೇಕಾದರೆ, ಸಿಂದಗಿಯ ಒಂದು ಹವಾನಿಯಂತ್ರಿತ ಕೋಣೆ ಯಾರನ್ನು ಎಳೆದು ತಂದೀತು? ಒಬ್ಬ ಇಂಜಿನಿಯರ್ ಊರು ಆರಿಸುವಾಗ ಮೇಜು ನೋಡುವುದಿಲ್ಲ. ಹೆಂಡತಿಯ ನೌಕರಿ, ಮಗುವಿನ ಶಾಲೆ, ನಾಳೆ ಈ ಕೆಲಸ ಹೋದರೆ ಅದೇ ಊರಲ್ಲಿ ಸಿಗಬಹುದಾದ ಇನ್ನೊಂದು ಕೆಲಸ, ಇವನ್ನು ನೋಡುತ್ತಾನೆ. ಅವನ ತಪ್ಪೇನೂ ಇಲ್ಲ.

ಯಾರಿಗಾಗಿ ಎಂಬ ತಪ್ಪು ಎಣಿಕೆ ಅಲ್ಲಿಗೇ ನಿಲ್ಲದೆ ಉಳಿದೆಲ್ಲವನ್ನೂ ಕೆಡಿಸುತ್ತದೆ. ಬರುವವನು ಬೆಂಗಳೂರಿನವನು ಎಂದುಕೊಂಡರೆ ಕಟ್ಟಡ ಗಾಜಿನದಾಗುತ್ತದೆ. ಅದು ಊರ ಹೊರಗೆ, ಕಾರು ನಿಲ್ಲಿಸಲು ಜಾಗ ಇರುವಲ್ಲಿ ಏಳುತ್ತದೆ, ಫಲಕ ಇಂಗ್ಲಿಷಿನಲ್ಲಿರುತ್ತದೆ. ಕೊನೆಗೆ ‘ಇಷ್ಟು ಸಣ್ಣ ಊರಿಗೆ ಇದು ಹೆಚ್ಚಾಯಿತು’ ಎಂದು ಯೋಜನೆ ದೊಡ್ಡ ಊರಿಗೆ ಜಾರುತ್ತದೆ. ಬೆಂಗಳೂರಿನಾಚೆಗೂ ಉದ್ಯಮ ಹರಡಲಿ ಎಂದು ಸರ್ಕಾರ ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಮೂಲಕ ಯತ್ನಿಸುತ್ತಿದೆ; ಆ ಯತ್ನ ಮೊದಲು ಹಿಡಿದದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳನ್ನು. ದೊಡ್ಡ ಕಂಪನಿಯನ್ನು ಕರೆಯಲು ಅದು ಸರಿಯಾದ ದಾರಿಯೇ. ಆದರೆ ಆ ದಾರಿಯಲ್ಲೂ ನಮ್ಮ ಪಾಲಿಗೆ ನಿಲ್ದಾಣದ ಹೆಸರಿನಲ್ಲಿ ‘ರೋಡ್’ ಮಾತ್ರ ಉಳಿಯುತ್ತದೆ.

ಹಾಗಾದರೆ ಮೇಜು ಯಾರಿಗೆ? ನನ್ನ ಅಣ್ಣನ ಮಗಳ ಮಾತು ಹೇಳುತ್ತೇನೆ. ಸಿಂದಗಿ ಸೀಮೆಯ ಹಳ್ಳಿಯೊಂದರಲ್ಲಿ ಇದ್ದಾಳೆ. 2023ರಲ್ಲಿ ಬಿ.ಕಾಂ. ಮುಗಿಸಿದಳು, ಟ್ಯಾಲಿ ಕಲಿತಳು. ಪರಿಚಯದ ಲೆಕ್ಕಿಗರೊಬ್ಬರು ಬಿಲ್ಲುಗಳ ಫೋಟೊ ಕಳಿಸುತ್ತಿದ್ದರು, ಇವಳು ಅವನ್ನು ಲೆಕ್ಕಕ್ಕೆ ಏರಿಸುತ್ತಿದ್ದಳು. ನಾಲ್ಕು ತಿಂಗಳು ಮಾಡಿ ಬಿಟ್ಟಳು. ಏಕೆಂದು ಕೇಳಿದೆ. ‘ಕಾಕಾ, ಮನ್ಯಾಗ ಕುಂತು ಮಾಡಿದ್ದು ಕೆಲಸಾ ಅಂತ ಯಾರೂ ಹಿಡಿಯಂಗಿಲ್ಲ. ಹೊರಗ ಹೋಗಿ ಬಂದ್ರನ ಅದು ನೌಕ್ರಿ’ ಎಂದಳು. ಲ್ಯಾಪ್‌ಟಾಪ್ ತೆರೆದು ಕೂತರೆ ರೊಟ್ಟಿ ಬಡಿಯಲು ಕರೆ, ಎಮ್ಮೆಗೆ ನೀರು ಕುಡಿಸಲು ಕರೆ, ಬಂದವರಿಗೆ ಚಹಾ ಮಾಡಲು ಕರೆ. ಒಂದೇ ಒಂದು ಒಳಕೋಣೆ, ಅದರಲ್ಲಿ ಜೋಳದ ಚೀಲ. ಮಧ್ಯಾಹ್ನ ಕರೆಂಟು ಹೋದರೆ ಮೊಬೈಲ್ ಟವರಿನ ಸಿಗ್ನಲ್ಲೂ ಸೊರಗುತ್ತದೆ.

‘ಮನೆ ಮನೆಗೆ ಇಂಟರ್ನೆಟ್ ಬಂದಿದೆ, ಇನ್ನು ಹಬ್ ಏಕೆ’ ಎನ್ನುವವರಿಗೂ ಇದರಲ್ಲೇ ಉತ್ತರವಿದೆ. ಊರಿನ ಪಂಚಾಯಿತಿವರೆಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಭಾರತ್‌ನೆಟ್ ಎಂಬ ಹೆಸರು ಅದಕ್ಕೆ ಆಮೇಲೆ ಬಂತು. ತಂತಿ ಪಂಚಾಯಿತಿ ಕಚೇರಿ ಮುಟ್ಟಿದರೂ ಆ ಕಚೇರಿಯ ಬೀಗಕ್ಕೆ ತನ್ನದೇ ಹೊತ್ತುಗೊತ್ತು ಇರುತ್ತದೆ. ಇನ್ನು ಮೊಬೈಲ್ ಡೇಟಾ ರೀಲ್ಸ್ ನೋಡಲು ಸಾಕು. ಎಂಟು ತಾಸು ಬಿಡುವಿಲ್ಲದೆ ಕೆಲಸ ಮಾಡಲು, ಗಿರಾಕಿಯ ಕಡತವನ್ನು ಹೊಣೆಯಿಂದ ಕಾಯಲು ಸಾಲದು. ಹೆಣ್ಣುಮಗಳಿಗೆ ನೆಟ್ಟಿಗಿಂತ ಹೆಚ್ಚಾಗಿ ಬೇಕಾದದ್ದು ಮನೆಯಿಂದ ಹೊರಗಿನ ಒಂದು ಜಾಗ, ಅಲ್ಲಿಗೆ ಹೋಗಲು ಎಲ್ಲರೂ ಒಪ್ಪುವ ಒಂದು ಕಾರಣ.

ಇಂಥ ಜಾಗಕ್ಕೆ ಬೇಡಿಕೆ ಇದೆಯೇ ಎಂದು ಸಮೀಕ್ಷೆ ಮಾಡಬೇಕಾದ ಅಗತ್ಯವಿಲ್ಲ, ವಿಜಯಪುರ, ಧಾರವಾಡಗಳ ರೀಡಿಂಗ್ ರೂಮುಗಳನ್ನು ನೋಡಿದರೆ ಸಾಕು. ಪಿಎಸ್‌ಐ, ಪಿಡಿಒ, ಕೆಎಎಸ್ ಎಂದು ಪರೀಕ್ಷೆಗೆ ಕೂತ ಹುಡುಗ–ಹುಡುಗಿಯರು ತಿಂಗಳ ಬಾಡಿಗೆ ಕೊಟ್ಟು ಒಂದು ಕುರ್ಚಿ ಹಿಡಿಯುತ್ತಾರೆ. ತಲೆಯ ಮೇಲೊಂದು ಫ್ಯಾನು, ಗೋಡೆಗೊಂದು ಪ್ಲಗ್ಗು, ವೈಫೈ, ಮಾತಾಡಬೇಡಿ ಎಂಬ ಚೀಟಿ. ಹಬ್ ಎನ್ನುವುದು ಇದೇ. ಯಾವ ಸಹಾಯಧನವೂ ಇಲ್ಲದೆ, ಯಾವ ಉದ್ಘಾಟನೆಯೂ ಇಲ್ಲದೆ ನಮ್ಮ ಹುಡುಗರು ಇದನ್ನು ಈಗಾಗಲೇ ಕಂಡುಕೊಂಡಿದ್ದಾರೆ. ಕೊರತೆ ಒಂದೇ: ಆ ಕುರ್ಚಿಯಲ್ಲಿ ಕೂತವರಿಗೆ ಪರೀಕ್ಷೆಯ ಕನಸು ಸಿಗುತ್ತದೆ, ಕೆಲಸ ಸಿಗುವುದಿಲ್ಲ.

ಸರ್ಕಾರ ಇನ್ನೊಂದು ಅರ್ಧವನ್ನೂ ಆಗಲೇ ಮಾಡಿಟ್ಟಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಹಳ್ಳಿಯಿಂದ ಸಿಂದಗಿಗೆ, ಇಂಡಿಗೆ ದಿನಾ ಹೋಗಿಬರುವ ಖರ್ಚು ಹೆಣ್ಣಿನ ದುಡಿಮೆಯನ್ನು ತಡೆಯುತ್ತಿದ್ದ ದೊಡ್ಡ ಗೋಡೆಯಾಗಿತ್ತು; ಅದು ಬಿದ್ದಿದೆ. ಆದ್ದರಿಂದ ಹಬ್ ಇರಬೇಕಾದದ್ದು ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ, ಸಾಧ್ಯವಾದರೆ ಅದರ ಮಾಳಿಗೆಯ ಮೇಲೆಯೇ. ಬಾಗಿಲು ಮುಚ್ಚುವ ಹೊತ್ತನ್ನು ಹಳ್ಳಿಗೆ ಹೋಗುವ ಕೊನೆಯ ಬಸ್ಸು ನಿರ್ಧರಿಸಬೇಕು. ಅಮೆರಿಕದ ಹಗಲಿಗೆ ನಮ್ಮ ರಾತ್ರಿ ಕೊಡುವ ಪಾಳಿ ಇಲ್ಲಿಗೆ ಒಗ್ಗುವುದಿಲ್ಲ, ಒಗ್ಗಿಸಲು ಹೋಗಬಾರದು. ಚಿಕ್ಕ ಮಗು ಇರುವ ತಾಯಿಗೂ ದಾರಿಯಿದೆ. ಉದ್ಯೋಗ ಖಾತ್ರಿಯ ಕೂಲಿ ಹೆಣ್ಣುಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಹೊರಟ ‘ಕೂಸಿನ ಮನೆ’ಯಂಥದ್ದೊಂದನ್ನು ಹಬ್ಬಿಗೆ ಹೊಂದಿಸಿದರೆ ಅವಳೂ ಬರಬಲ್ಲಳು.

ಇನ್ನು ಕರೆಂಟಿನ ಮಾತು. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರವಿದೆ. ಆಲಮಟ್ಟಿಯ ಅಣೆಕಟ್ಟಿಗೆ ಇದೇ ಸೀಮೆಯ ಊರುಗಳು ನೆಲ ಬಿಟ್ಟುಕೊಟ್ಟಿವೆ. ನಾಡಿಗೆ ಬೆಳಕು ಕೊಟ್ಟ ನೆಲದಲ್ಲಿ ಮೂವತ್ತು ಕಂಪ್ಯೂಟರುಗಳಿಗೆ ಹಗಲು ಹೊತ್ತು ತಪ್ಪದೆ ವಿದ್ಯುತ್ ಕೊಡಿ ಎಂದು ಹೆಸ್ಕಾಂಗೆ ಕೇಳುವುದು ಅತಿಯಾಸೆಯಲ್ಲ, ಹಕ್ಕು.

ಆದರೆ ಮೇಜು, ಬಸ್ಸು, ಕರೆಂಟು ಮೂರೂ ಸೇರಿದರೂ ಕೆಲಸ ತಾನಾಗಿ ಬರುವುದಿಲ್ಲ. ನಮ್ಮ ಹಿಂದಿನ ಪ್ರಯೋಗಗಳು ಎಡವಿದ್ದು ಇಲ್ಲೇ. 2006ರ ಸುಮಾರಿಗೆ ಖಾಸಗಿ ಸಹಭಾಗಿತ್ವದಲ್ಲಿ ಸುಮಾರು 800 ನೆಮ್ಮದಿ ಕೇಂದ್ರಗಳು ಹೋಬಳಿಗಳಲ್ಲಿ ಬಂದವು. ಪಹಣಿ, ಜಾತಿ–ಆದಾಯ ಪ್ರಮಾಣಪತ್ರಗಳ ಆಚೆ ಅವಕ್ಕೆ ಬದುಕು ಹುಟ್ಟಲಿಲ್ಲ. ಆ ಕೆಲಸ ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ಪಾಲಾದಾಗ ನೆಮ್ಮದಿಯ ಹೆಸರೂ ಅಳಿಯಿತು. ಕೇಂದ್ರ ಸರ್ಕಾರದ ಬಿಪಿಒ ಪ್ರೋತ್ಸಾಹ ಯೋಜನೆ 493 ಕೋಟಿ ರೂಪಾಯಿಯಲ್ಲಿ 48,300 ಆಸನಗಳ ಗುರಿ ಇಟ್ಟುಕೊಂಡಿತ್ತು, ಆಸನಕ್ಕೆ 1 ಲಕ್ಷದವರೆಗೆ ನೆರವು ಕೊಟ್ಟಿತು, 2019ರ ಮಾರ್ಚಿನಲ್ಲಿ ಮುಗಿಯಿತು. ಅದು ನೆರವು ಕೊಟ್ಟದ್ದು ಕಂಪನಿಗೆ, ಕುರ್ಚಿಯ ಲೆಕ್ಕದಲ್ಲಿ. ಕಂಪನಿ ಯಾವ ಊರು ಆರಿಸಿಕೊಳ್ಳುತ್ತದೆ? ತನಗೆ ಅನುಕೂಲವಾದದ್ದನ್ನು. 2008ರಲ್ಲಿ ಶುರುವಾದ ರೂರಲ್‌ಶೋರ್ಸ್ ತನ್ನ ಮೊದಲ ಕೇಂದ್ರವನ್ನು ಬಾಗೇಪಲ್ಲಿಯಲ್ಲಿ ತೆರೆದು ಹಳ್ಳಿಯ ಹುಡುಗರೂ ಬಿಪಿಒ ಕೆಲಸ ಮಾಡಬಲ್ಲರೆಂದು ತೋರಿಸಿತು. ಆ ಸಂಸ್ಥೆಯ ಬಗ್ಗೆ ನನಗೆ ಗೌರವವಿದೆ. ಆದರೆ ಬಾಗೇಪಲ್ಲಿ ಬೆಂಗಳೂರಿನಿಂದ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್. ಮೇಲ್ವಿಚಾರಕ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಇಂಡಿಗೆ ಬರಬೇಕಾದರೆ ಅವನು ರಾತ್ರಿಯೆಲ್ಲ ರೈಲಿನಲ್ಲಿರಬೇಕು.

ಖಾಸಗಿಯವರು ಬರುವುದಿಲ್ಲ ಎಂದಮೇಲೆ ಮೊದಲ ಗಿರಾಕಿ ಸರ್ಕಾರವೇ ಆಗಬೇಕು. ‘ಎಲ್ಲಕ್ಕೂ ಸರ್ಕಾರವೇ’ ಎಂದು ಮೂಗು ಮುರಿಯುವವರು ತಹಶೀಲ್ದಾರ್ ಕಚೇರಿಯ ಅಭಿಲೇಖಾಲಯಕ್ಕೆ ಒಮ್ಮೆ ಹೋಗಿ ಬರಲಿ. ಕಂದಾಯ ಇಲಾಖೆ 2024ರಿಂದ ಭೂ ಸುರಕ್ಷಾ ಯೋಜನೆ ಹಿಡಿದು ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಸ್ಕ್ಯಾನ್ ಎಂದರೆ ಫೋಟೊ ತೆಗೆದಂತೆ, ಅಷ್ಟೇ. ಆ ಚಿತ್ರದಲ್ಲಿ ಯಾವ ಊರು, ಯಾವ ಸರ್ವೆ ನಂಬರು, ಯಾರ ಹೆಸರು, ಯಾವ ವರ್ಷದ ಫೇರಫಾರು ಎಂದು ಓದಿ ಸೂಚಿ ಕಟ್ಟಿದರೆ ಮಾತ್ರ ರೈತನಿಗೆ ತನ್ನ ಕಾಗದ ಸಿಗುತ್ತದೆ. ಅದಕ್ಕೆ ಯಂತ್ರ ಸಾಲದು. ನಮ್ಮದು ಹಿಂದಿನ ಮುಂಬಯಿ ಪ್ರಾಂತ, ಹಳೆಯ ಕಾಗದಗಳಲ್ಲಿ ಎಷ್ಟೋ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿವೆ. ಕನ್ನಡದಲ್ಲಿ ಇರುವುವೂ ಕುಲಕರ್ಣಿಯ ಕೈಬರಹ, ಅವನದೇ ಸಂಕ್ಷೇಪ, ಅವನದೇ ಊರ ಹೆಸರುಗಳು. ಹಿಟ್ಟಿನಹಳ್ಳಿ ಎಂದು ಬರೆದದ್ದು ಯಾವ ಹಿಟ್ಟಿನಹಳ್ಳಿ, ಪಾಟೀಲ ಎಂದರೆ ಯಾವ ಮನೆತನದ ಪಾಟೀಲ ಎಂಬುದು ಬೆಂಗಳೂರಿನ ಗುತ್ತಿಗೆದಾರನಿಗೆ ತಿಳಿಯದು. ಸಿಂದಗಿಯಲ್ಲಿ ಹುಟ್ಟಿದ ಹುಡುಗಿಗೆ ತಿಳಿಯುತ್ತದೆ. ಅವಳಿಗೆ ತಿಳಿಯದಿದ್ದರೆ ಅವಳ ಅಜ್ಜನಿಗೆ ತಿಳಿಯುತ್ತದೆ. ಮೂಲ ಕಡತ ಅಭಿಲೇಖಾಲಯದಲ್ಲೇ ಇರಲಿ. ಚಿತ್ರ ಹಬ್ಬಿಗೆ ಬರಲಿ, ಯಾರು ಯಾವ ಪುಟ ನೋಡಿದರು ಎಂಬ ದಾಖಲೆ ಇರಲಿ. ಮೋಡಿ ಬಲ್ಲ ಹಿರಿಯರು ಬೆರಳೆಣಿಕೆಯಲ್ಲಿದ್ದಾರೆ. ಅವರನ್ನು ಅದೇ ಕೋಣೆಯಲ್ಲಿ ಕೂರಿಸಿ ಇಪ್ಪತ್ತು ಹುಡುಗ–ಹುಡುಗಿಯರಿಗೆ ಆ ಲಿಪಿ ಕಲಿಸಿದರೆ ಒಂದು ವಿದ್ಯೆಯೂ ಉಳಿಯುತ್ತದೆ, ಕೂಲಿಯೂ ಹುಟ್ಟುತ್ತದೆ. ಈ ಕೆಲಸ ಇಂದಲ್ಲ ನಾಳೆ ಯಾರಿಗಾದರೂ ಗುತ್ತಿಗೆ ಹೋಗುವಂಥದ್ದೇ. ಅದು ನಮ್ಮ ಊರಿನ ಮೇಜಿಗೆ ಬರಲಿ ಎಂಬುದಷ್ಟೇ ನನ್ನ ಬೇಡಿಕೆ.

ಈ ಮೇಜಿಗೆ ಬರಬಹುದಾದ ಎರಡನೆಯ ಕೆಲಸ ನಮ್ಮ ಮಾತಿನದು. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಎಂಬ ಯೋಜನೆ ಶುರು ಮಾಡಿತು. ಕಂಪ್ಯೂಟರಿಗೆ ಕನ್ನಡ ಕಲಿಸಲು ಕನ್ನಡ ಮಾತಾಡುವವರ ಧ್ವನಿ ಬೇಕು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳಿಂದ ಕನ್ನಡ ಓದಿಸಿ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಿರುವುದನ್ನು 2023ರಲ್ಲಿ ಟೈಮ್ ಪತ್ರಿಕೆ ಬರೆಯಿತು. ಒಬ್ಬರಿಗೆ ಸಿಗುವ ಕೆಲಸಕ್ಕೆ ಮಿತಿ ಇದೆ, ಜೀವಮಾನದ ನೌಕರಿ ಅದಲ್ಲ. ಆದರೆ ವಿಜಯಪುರದ ‘ಹೋಗ್ಯಾನ’, ‘ಬರ್ತೈತಿ’ಗಳನ್ನು ಯಂತ್ರ ಕೇಳಿಸಿಕೊಂಡಿಲ್ಲದಿದ್ದರೆ ನಾಳೆ ಬೆಳೆವಿಮೆಯ ಸಹಾಯವಾಣಿ ಯಂತ್ರದ ಬಾಯಿಂದ ಮಾತಾಡತೊಡಗಿದಾಗ ನಮ್ಮ ರೈತನ ಮಾತು ಅದಕ್ಕೆ ಅರ್ಥವಾಗುವುದಿಲ್ಲ. ಹಲಸಂಗಿಯ ಗೆಳೆಯರು, ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಸೇರಿ, ಇದೇ ಇಂಡಿ ಸೀಮೆಯಲ್ಲಿ ಹಾಡುವವರ ಬಾಯಿಂದ ಜನಪದ ಹಾಡುಗಳನ್ನು ಬರೆದುಕೊಂಡರು. ಆ ಕೆಲಸದ ಮುಂದಿನ ಹೆಜ್ಜೆಯೂ ಇದೇ ಮೇಜಿನ ಮೇಲೆ ನಡೆಯಬಹುದು, ಈ ಸಲ ಹಾಡಿದವರಿಗೂ ಹಣ ಸೇರುವಂತೆ.

ಮೂರನೆಯದು ವ್ಯಾಪಾರದ ಲೆಕ್ಕ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಒಣದ್ರಾಕ್ಷಿ ಮಹಾರಾಷ್ಟ್ರದ ತಾಸಗಾಂವದ ಪೇಟೆಗೆ ಹೋಗುತ್ತದೆ. ರೈತರ ಕಂಪನಿಗಳಿಗೆ ಜಿಎಸ್‌ಟಿ, ಸಾಗಣೆ ಕಾಗದ, ಗಿರಾಕಿಗೆ ಉತ್ತರ ಬರೆಯುವವರು ಬೇಕು. ಇದು ದೊಡ್ಡದಲ್ಲ, ಆದರೆ ನಿರಂತರ.

‘ದತ್ತಾಂಶ ತುಂಬುವ ಕೆಲಸವನ್ನೆಲ್ಲ ಕೃತಕ ಬುದ್ಧಿಮತ್ತೆ ನುಂಗಲಿದೆ, ಈಗ ಹಬ್ ಕಟ್ಟುವುದು ತಡವಾಯಿತು’ ಎನ್ನುವ ಆಕ್ಷೇಪ ಗಟ್ಟಿಯಾದದ್ದು. ಇಂಗ್ಲಿಷ್ ಬಿಲ್ಲುಗಳನ್ನು ನೋಡಿ ಬೆರಳಚ್ಚಿಸುವ ಕೆಲಸ ಹೋಗುತ್ತದೆ, ಹೋಗುತ್ತಿದೆ. ಅದಕ್ಕಾಗಿಯೇ ನಾನು ಊರಿನ ತಿಳಿವಳಿಕೆ ಬೇಡುವ ಕೆಲಸಗಳನ್ನು ಹೆಸರಿಸಿದೆ. ಅವೂ ಹತ್ತು ವರ್ಷಕ್ಕೆ ಮುಗಿಯಬಹುದು. ಹತ್ತು ವರ್ಷ ದುಡಿದ ಹುಡುಗಿ ಅಷ್ಟರಲ್ಲಿ ಬೇರೊಂದನ್ನು ಕಲಿತಿರುತ್ತಾಳೆ. ಹತ್ತು ವರ್ಷ ಮನೆಯಲ್ಲಿ ಕೂತವಳಿಗೆ ಆ ಅವಕಾಶವೂ ಇರುವುದಿಲ್ಲ.

ಹೊರಗಿನ ಉದಾಹರಣೆ ಕೊಡುವವರು ಐರ್ಲೆಂಡಿನ ಹೆಸರು ಎತ್ತುತ್ತಾರೆ. 2021ರಲ್ಲಿ ಆ ದೇಶ ರಿಮೋಟ್ ಕೆಲಸಕ್ಕೆ ರಾಷ್ಟ್ರೀಯ ಕಾರ್ಯನೀತಿ ಮಾಡಿ ಹಳ್ಳಿ–ಪಟ್ಟಣಗಳ ಹಬ್‌ಗಳನ್ನು ಒಂದೇ ಜಾಲಕ್ಕೆ ತಂದಿತು, ಆಮೇಲೆ ಕೆಲವು ದಿನ ಪುಕ್ಕಟೆ ಕೂರಲು ವೋಚರ್ ಕೊಟ್ಟಿತು. ಅಲ್ಲಿ ಹಬ್ಬಿಗೆ ಬರುವ ಬಹಳಷ್ಟು ಜನರಿಗೆ ನೌಕರಿ ಮೊದಲೇ ಇರುತ್ತದೆ, ಡಬ್ಲಿನ್ನಿಗೆ ಕಾರು ಓಡಿಸುವುದು ತಪ್ಪುತ್ತದೆ. ನಮ್ಮಲ್ಲಿ ನೌಕರಿಯೇ ಇಲ್ಲ. ಅವರಿಂದ ಕಲಿಯಬೇಕಾದದ್ದು ಬೇರೆ: ನೆರವು ಕೂರುವವರ ಕೈಗೆ ಕೊಟ್ಟದ್ದು, ಐರಿಶ್ ನುಡಿಯಾಡುವ ಗೇಲ್ಟಕ್ಟ್ ಪ್ರದೇಶಕ್ಕೆ ಜಿಟೆಕ್ ಎಂಬ ಪ್ರತ್ಯೇಕ ಜಾಲ ಕಟ್ಟಿದ್ದು. ಕೇರಳ 2022–23ರ ಬಜೆಟ್ಟಿನಲ್ಲಿ ಮನೆ ಹತ್ತಿರದ ಕೆಲಸದ ಕೇಂದ್ರಗಳಿಗೆ 50 ಕೋಟಿ ಇಟ್ಟು ಕೊಲ್ಲಂ ಜಿಲ್ಲೆಯ ಕೊಟ್ಟಾರಕ್ಕರವನ್ನು ಮೊದಲು ಆರಿಸಿತು. ಅದೂ ತಾಲ್ಲೂಕು ಮಟ್ಟದ ಊರೇ. ತಮಿಳುನಾಡಿನ ತೆಂಕಾಶಿ ಹತ್ತಿರ ಜೋಹೊ 2011ರಲ್ಲಿ ನೆಲೆ ಊರಿ ಆ ಸೀಮೆಯ ಹುಡುಗರನ್ನೇ ತೆಗೆದುಕೊಂಡು ಕಲಿಸಿತು. ಹೋದವರಿಗಾಗಿ ಕಾಯುತ್ತ ಕೂರಲಿಲ್ಲ.

ಹಣ ಎಲ್ಲಿಂದ ಎಂದು ಕೇಳುತ್ತಾರೆ. ನಮ್ಮ ಜಿಲ್ಲೆಯ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ ಸಾರಿಗೆ’ ಎಂದು ಬರೆದಿದೆ, ಆದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಜಿಲ್ಲೆ ಸೇರಿಲ್ಲ. ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಭೀಮಾ ನದಿಯಾಚೆ ಅಫಜಲಪುರಕ್ಕೆ ಬರುತ್ತದೆ, ಈಚೆ ಇಂಡಿಗೆ ಬರುವುದಿಲ್ಲ. ಹಾಗಿದ್ದೂ ಮೊತ್ತ ದೊಡ್ಡದಲ್ಲ. ಕೇಂದ್ರವೇ ಹಿಂದೆ ಒಪ್ಪಿದ್ದ ಆಸನಕ್ಕೆ 1 ಲಕ್ಷದ ಲೆಕ್ಕ ಹಿಡಿದರೆ ಊರಿಗೆ 30 ಕುರ್ಚಿಯಂತೆ ನಾಲ್ಕೂ ಊರಿಗೆ 1 ಕೋಟಿ 20 ಲಕ್ಷ. ಕಟ್ಟಡ ಹೊಸದು ಬೇಡ. ನೆರವು ಗುತ್ತಿಗೆದಾರನಿಗೆ ಒಮ್ಮೆಗೇ ಹೋಗದೆ, ಯಾರೋ ಒಬ್ಬರು ಕೂತು ದುಡಿದ ದಿನದ ಲೆಕ್ಕದಲ್ಲಿ ಹೋಗಲಿ. ಖಾಲಿ ಕುರ್ಚಿಗೆ ಹಣವಿಲ್ಲ ಎಂದಾದರೆ ನಡೆಸುವವರೇ ಕೆಲಸ ಹುಡುಕಿಕೊಂಡು ಓಡಾಡುತ್ತಾರೆ. ವರ್ಷದ ಕೊನೆಗೆ ಎಷ್ಟು ಜನ ಬೆಂಗಳೂರಿನಿಂದ ಬಂದರು ಎಂದು ಎಣಿಸದೆ, ಹತ್ತಿಪ್ಪತ್ತು ಕಿಲೋಮೀಟರಿನ ಹಳ್ಳಿಗಳಿಂದ ಎಷ್ಟು ಹೆಣ್ಣುಮಕ್ಕಳು ದಿನಾ ಬಂದರು, ಅವರ ಖಾತೆಗೆ ತಿಂಗಳಿಗೆ ಎಷ್ಟು ಬಿತ್ತು ಎಂದು ಎಣಿಸಲಿ.

ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿ 2024ರ ಜನವರಿಯಲ್ಲಿ ಶುರುವಾಯಿತು. ಅದರ ಅವಧಿ ಎರಡು ವರ್ಷ. ಅಣ್ಣನ ಮಗಳಿಗೂ ಬರುತ್ತಿತ್ತು, ಎರಡು ವರ್ಷ ಮುಗಿದು ನಿಂತಿದೆ. ಮೊನ್ನೆ ಹೋದಾಗ ಪಿಡಿಒ ಪರೀಕ್ಷೆಯ ಪುಸ್ತಕ ತೆರೆದು ಕೂತಿದ್ದಳು. ಮನೆಯಲ್ಲಿ ಗಂಡು ನೋಡುವ ಮಾತು ನಡೆದಿತ್ತು. ‘ಸಿಂದ್ಗ್ಯಾಗ ಏನೋ ಆಫೀಸ್ ಆಗ್ತೈತಂತ, ಖರೇನ ಏನ್ ಕಾಕಾ?’ ಎಂದು ಕೇಳಿದಳು. ಯಾರು ಹೇಳಿದರು ಎಂದೆ. ಬಸ್ಸಿನಲ್ಲಿ ಯಾರೋ ಮಾತಾಡುತ್ತಿದ್ದರಂತೆ. ಟ್ಯಾಲಿಯ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಟ್ರಂಕಿನ ಮೇಲ್ಗಡೆಯೇ ಇಟ್ಟಿದ್ದಾಳೆ.